ತಲೆಗೆ ಪೆಟ್ಟಾದಾಗ: ಮೊದಲ ಗಳಿಗೆಗಳ ಪರೀಕ್ಷೆ ಮತ್ತು ಉಪಚಾರ

ದೇಹದ ಅವಯವಗಳಲ್ಲೆಲ್ಲ ಶಿರಸ್ಸೇ ಶ್ರೇಷ್ಠವೆಂದು ಬಗೆದ ನಮ್ಮ ಪ್ರಾಚೀನ ವೈದ್ಯರು ಅದನ್ನು ‘ಉತ್ತಮಾಂಗ’ವೆಂದು ಕರೆದರು. ಆ ಉತ್ತಮಾಂಗಕ್ಕೆ ಮಹಾನಗರಗಳ ಜೀವನದಲ್ಲಿ ಅಪಾಯ ಹೆಜ್ಜೆಹೆಜ್ಜೆಗೂ ಕಾದಿರುತ್ತದೆ. ಸ್ಕೂಟರಿನಿಂದ ಬೀಳುವವರು, ಜನದಟ್ಟಣೆಯ ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದು ಕಂಬಕ್ಕೆ ತಲೆ ತಾಗಿಸಿಕೊಳ್ಳುವವರು, ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಜಾರುವವರು, ಒದ್ದೆಯಾದ ಬಚ್ಚಲುಮನೆಯಲ್ಲಿ ಕಾಲುಜಾರಿ ಬೀಳುವ ವೃದ್ಧರು, ಇವರೆಲ್ಲರೂ ಒಂದೇ ಬಗೆಯ ತುರ್ತು ಪರಿಸ್ಥಿತಿಗೆ ಗುರಿಯಾಗುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯ ಪ್ರಕಾರ 2022ನೆಯ ವರ್ಷವೊಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಪಘಾತಗಳಿಂದ ಅಸುನೀಗಿದರು. ಇಂತಹ ಮರಣಗಳಿಗೆ ತಲೆಯ ಗಾಯ ಒಂದು ಪ್ರಮುಖ ಕಾರಣ. ಪೆಟ್ಟು ಬಿದ್ದ ಮೊದಲ ಕೆಲವು ಗಂಟೆಗಳಲ್ಲಿ ವೈದ್ಯರು ಏನನ್ನು ಪರೀಕ್ಷಿಸುತ್ತಾರೆ, ಏಕೆ ಪರೀಕ್ಷಿಸುತ್ತಾರೆ, ಮನೆಯವರು ಏನು ಮಾಡಬಹುದು ಎಂಬುದನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಬುರುಡೆಯೊಳಗಿನ ಲೆಕ್ಕಾಚಾರ

ಪ್ರೌಢ ಮನುಷ್ಯನ ಮಿದುಳಿನ ತೂಕ ಸುಮಾರು 1,400 ಗ್ರಾಂ. ಎಂದರೆ ದೇಹದ ತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಈ ಒಂದು ಅಂಗವೇ ಬಳಸುತ್ತದೆ. ಮಿದುಳಿಗೆ ಇಂಧನವನ್ನು ಕೂಡಿಡುವ ಉಗ್ರಾಣವಿಲ್ಲ. ರಕ್ತದ ಪೂರೈಕೆ ಕೆಲವೇ ನಿಮಿಷ ನಿಂತರೂ ಅದರ ಜೀವಕೋಶಗಳು ಸಾಯತೊಡಗುತ್ತವೆ.

ಇಂತಹ ಮೃದುವಾದ ಅಂಗವನ್ನು ಪ್ರಕೃತಿಯು ಗಟ್ಟಿಯಾದ ಮೂಳೆಯ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದೆ. ಆ ಪೆಟ್ಟಿಗೆಯಲ್ಲಿರುವುದು ಮೂರೇ ವಸ್ತುಗಳು: ಮಿದುಳು, ರಕ್ತ, ಮತ್ತು ಮಿದುಳನ್ನು ಸುತ್ತುವರಿದ ತಿಳಿಯಾದ ದ್ರವ. ಬುರುಡೆ ಹಿಗ್ಗಲಾರದು, ಆದುದರಿಂದ ಈ ಮೂರರಲ್ಲಿ ಒಂದು ಹೆಚ್ಚಿದರೆ ಮತ್ತೊಂದು ಕಡಿಮೆಯಾಗಲೇಬೇಕು. 1783ರಲ್ಲಿ ಅಲೆಕ್ಸಾಂಡರ್ ಮನ್ರೋ ಮತ್ತು 1824ರಲ್ಲಿ ಜಾರ್ಜ್ ಕೆಲ್ಲಿ ಎಂಬ ಸ್ಕಾಟ್ಲೆಂಡಿನ ವೈದ್ಯರು ಕಂಡುಕೊಂಡ ಈ ಸರಳ ತತ್ವವೇ ಇಂದಿಗೂ ತಲೆಯ ಗಾಯದ ಚಿಕಿತ್ಸೆಗೆ ತಳಹದಿ. ಒಳಗೆ ರಕ್ತ ಸೋರಿ ಹೆಪ್ಪುಗಟ್ಟಿದರೆ ಅಥವಾ ಮಿದುಳು ಬಾತುಕೊಂಡರೆ, ಮೊದಲು ದ್ರವವು ಬೆನ್ನುಹುರಿಯ ಕಡೆಗೆ ಸರಿದು, ಸಿರೆಗಳ ರಕ್ತವೂ ಹೊರಸರಿದು ಜಾಗ ಮಾಡಿಕೊಡುತ್ತವೆ. ಹೀಗೆ ಬಿಟ್ಟುಕೊಡುವ ಜಾಗ ಮುಗಿದೊಡನೆ ಒಳಗಿನ ಒತ್ತಡವು ಹಠಾತ್ತನೆ ಏರುತ್ತದೆ. ಒಂದು ಗಂಟೆಯ ಹಿಂದೆ ಚೆನ್ನಾಗಿ ಮಾತನಾಡುತ್ತಿದ್ದವನು ನೋಡುನೋಡುತ್ತಿದ್ದಂತೆ ಮೂರ್ಛೆ ಹೋಗುವುದರ ರಹಸ್ಯ ಇದೇ.

ಮಿದುಳಿಗೆ ರಕ್ತವನ್ನು ನೂಕುವ ಬಲವೆಷ್ಟೆಂಬುದನ್ನು ಒಂದು ಸುಲಭವಾದ ವ್ಯವಕಲನದಿಂದ ತಿಳಿಯಬಹುದು. ಸರಾಸರಿ ರಕ್ತದೊತ್ತಡದಿಂದ ಬುರುಡೆಯೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದೇ ಆ ಬಲ. ಆರೋಗ್ಯವಂತನಲ್ಲಿ ಸರಾಸರಿ ರಕ್ತದೊತ್ತಡ 90, ಬುರುಡೆಯೊಳಗಿನ ಒತ್ತಡ 10 ಎಂದಿಟ್ಟುಕೊಂಡರೆ ಉಳಿಯುವುದು 80. ಗಾಯಾಳುವಿನಲ್ಲಿ ರಕ್ತಸ್ರಾವದಿಂದ ಮೊದಲನೆಯದು 60ಕ್ಕೆ ಇಳಿದು, ಬಾವಿನಿಂದ ಎರಡನೆಯದು 30ಕ್ಕೆ ಏರಿದರೆ ಉಳಿಯುವುದು ಕೇವಲ 30. ಈ ಬಲವು 60ರಿಂದ 70ರ ನಡುವೆ ಇರಬೇಕೆಂಬುದು ತಜ್ಞರ ಗುರಿ. ಲೆಕ್ಕ ಚಿಕ್ಕದು, ಆದರೆ ಆಸ್ಪತ್ರೆಯಲ್ಲಿ ನಡೆಯುವ ಹೋರಾಟವೆಲ್ಲವೂ ಇದರ ಸುತ್ತಲೇ.

ಎರಡು ಬಗೆಯ ಹಾನಿ

ಪೆಟ್ಟು ಬಿದ್ದ ಕ್ಷಣದಲ್ಲೇ ಆಗುವ ಹಾನಿಗೆ ಪ್ರಾಥಮಿಕ ಹಾನಿ ಎನ್ನುತ್ತಾರೆ. ಮೂಳೆ ಬಿರಿಯುವುದು, ಮಿದುಳು ಜಜ್ಜುವುದು, ವೇಗದ ತಿರುವಿನಿಂದ ನರತಂತುಗಳು ಹರಿಯುವುದು ಈ ವರ್ಗಕ್ಕೆ ಸೇರಿದುವು. ಇದನ್ನು ಯಾವ ವೈದ್ಯನೂ ಹಿಂತಿರುಗಿಸಲಾರ. ಆದರೆ ಆನಂತರದ ಗಂಟೆಗಳಲ್ಲಿ ಉಸಿರಿನ ಅಡಚಣೆ, ರಕ್ತದೊತ್ತಡದ ಕುಸಿತ, ಬಾವು, ಹೆಪ್ಪು, ಸೆಳವು, ಜ್ವರ, ಇವುಗಳಿಂದ ಎರಡನೆಯ ಹಾನಿ ಉಂಟಾಗುತ್ತದೆ. ವೈದ್ಯಶಾಸ್ತ್ರದ ಸಾಮರ್ಥ್ಯವೆಲ್ಲವೂ ಇದನ್ನು ತಡೆಯುವುದರಲ್ಲಿದೆ. ತೀವ್ರವಾಗಿ ಗಾಯಗೊಂಡವರಲ್ಲಿ ಸಂಕೋಚನದ ರಕ್ತದೊತ್ತಡ, ಎಂದರೆ ಮೇಲಿನ ಅಂಕಿ, ಒಮ್ಮೆ 90ಕ್ಕಿಂತ ಕೆಳಗಿಳಿದರೂ ಮರಣದ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದುದರಿಂದಲೇ ಸ್ಥಳದಲ್ಲಿರುವ ಸಾಮಾನ್ಯ ಮನುಷ್ಯನ ಕೈಯಲ್ಲಿಯೂ ಗಾಯಾಳುವಿನ ಭವಿಷ್ಯದ ಒಂದು ಪಾಲು ಇರುತ್ತದೆ.

ಸ್ಥಳದಲ್ಲಿ ಮಾಡತಕ್ಕದ್ದು

ಮೊದಲನೆಯದಾಗಿ, ಉಸಿರಾಟವನ್ನು ಗಮನಿಸಬೇಕು. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವನ ನಾಲಗೆಯು ಹಿಂದಕ್ಕೆ ಜಾರಿ, ಅಥವಾ ರಕ್ತ ಹಾಗೂ ವಾಂತಿ ಗಂಟಲಲ್ಲಿ ಸೇರಿ, ಉಸಿರನ್ನು ಕಟ್ಟಬಹುದು. ಉಸಿರಾಡುತ್ತಿರುವವನನ್ನು ಇಬ್ಬರು ಮೂವರು ಸೇರಿ, ತಲೆ, ಕುತ್ತಿಗೆ ಮತ್ತು ಬೆನ್ನು ಒಂದೇ ಸರಳರೇಖೆಯಲ್ಲಿರುವಂತೆ, ಮರದ ದಿಮ್ಮಿಯನ್ನು ಹೊರಳಿಸುವ ರೀತಿಯಲ್ಲಿ ಒಂದು ಮಗ್ಗುಲಿಗೆ ಹೊರಳಿಸಬೇಕು. ತಲೆಗೆ ಪೆಟ್ಟಾದವನ ಕುತ್ತಿಗೆಯ ಮೂಳೆಯೂ ಮುರಿದಿರಬಹುದೆಂದು ಭಾವಿಸಿಯೇ ನಡೆಯುವುದು ಯುಕ್ತ. ಉಸಿರೇ ನಿಂತಿದ್ದರೆ, ಬಲ್ಲವರು ಎದೆಯೊತ್ತುವ ಉಪಚಾರವನ್ನು ಕೂಡಲೇ ಆರಂಭಿಸತಕ್ಕದ್ದು.

ಎರಡನೆಯದಾಗಿ, ನೆತ್ತಿಯ ಚರ್ಮದಿಂದ ರಕ್ತ ಧಾರಾಳವಾಗಿ ಹರಿಯುತ್ತದೆ. ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಮೂಳೆ ಒಳಗೆ ಕುಸಿದಂತೆ ತೋರಿದರೆ ಅದರ ಮೇಲೆ ಬಲವಾಗಿ ಒತ್ತದೆ ಅಂಚಿನಲ್ಲಿ ಮಾತ್ರ ಒತ್ತಬೇಕು. ಕಿವಿ ಮೂಗುಗಳಿಂದ ತಿಳಿನೀರು ಸೋರಿದರೆ ಅರಳೆ ತುರುಕಬಾರದು. ಗಾಯಕ್ಕೆ ಕಾಫಿಪುಡಿ, ಅರಿಸಿನ, ಸುಣ್ಣ ಮೆತ್ತುವ ನಮ್ಮ ಹಳೆಯ ರೂಢಿಯನ್ನು ಬಿಡಬೇಕು. ಪ್ರಜ್ಞೆ ಮಸುಕಾದವನಿಗೆ ಬಾಯಲ್ಲಿ ನೀರು ಹೊಯ್ಯುವುದು ಉಪಚಾರವಲ್ಲ, ಅಪಚಾರ. ಹೆಲ್ಮೆಟ್ಟನ್ನು ಅವಸರದಿಂದ ಎಳೆಯಬಾರದು. ಉಸಿರಿಗೆ ಅಡ್ಡಿಯಾಗಿದ್ದರೆ ಮಾತ್ರ ಒಬ್ಬರು ಕುತ್ತಿಗೆಯನ್ನು ಅಲುಗದಂತೆ ಹಿಡಿದು, ಮತ್ತೊಬ್ಬರು ನಿಧಾನವಾಗಿ ತೆಗೆಯಬೇಕು. ಪೆಟ್ಟಾದ ಸಮಯವನ್ನು ಗಡಿಯಾರ ನೋಡಿ ಗುರುತುಹಾಕಿಕೊಳ್ಳಬೇಕು. 112ಕ್ಕೆ, ಅಥವಾ ಹಲವು ರಾಜ್ಯಗಳಲ್ಲಿರುವ 108ಕ್ಕೆ, ದೂರವಾಣಿ ಮಾಡಿದರೆ ಆಂಬ್ಯುಲೆನ್ಸ್ ದೊರೆಯುತ್ತದೆ.

ಪರಊರಿನಲ್ಲಿ ಪೊಲೀಸು ಕಚೇರಿಯ ತಂಟೆ ನಮಗೇಕೆ ಎಂದು ಹಿಂಜರಿಯುವವರುಂಟು. ಆ ಭಯಕ್ಕೆ ಈಗ ಆಧಾರವಿಲ್ಲ. ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ, ಕಾನೂನಿನ ವಿಧಿಗಳಿಗಾಗಿ ಕಾಯದೆ ಗಾಯಾಳುವಿಗೆ ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸಾರಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮು, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. ಅವರನ್ನು ಹೆಸರು ವಿಳಾಸ ಕೊಡಬೇಕೆಂದು ಬಲವಂತಪಡಿಸುವಂತಿಲ್ಲ. 2025ರಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳಷ್ಟು ಚಿಕಿತ್ಸೆ ಹಣ ಕಟ್ಟದೆಯೇ ದೊರೆಯುತ್ತದೆ.

ಪ್ರಜ್ಞೆಯನ್ನು ಅಳೆಯುವ ಮಾಪಕ

‘ಮಂಕಾಗಿದ್ದಾನೆ’, ‘ಅರೆಪ್ರಜ್ಞೆಯಲ್ಲಿದ್ದಾನೆ’ ಎಂಬ ಮಾತುಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಕೊಡುತ್ತವೆ. ಈ ತೊಡಕನ್ನು ನಿವಾರಿಸಲು ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ನರಶಸ್ತ್ರವೈದ್ಯರು 1974ರಲ್ಲಿ ಒಂದು ಮಾಪಕವನ್ನು ಪ್ರಕಟಿಸಿದರು. ಇಂದು ಜಗತ್ತಿನ ತುರ್ತು ಚಿಕಿತ್ಸಾ ವಿಭಾಗಗಳೆಲ್ಲೆಡೆ ಬಳಕೆಯಲ್ಲಿರುವ ಗ್ಲಾಸ್ಗೋ ಮಾಪಕ ಇದೇ. ಅದರಲ್ಲಿ ಮೂರು ಅಂಗಗಳು.

ಕಣ್ಣು: ತಾನಾಗಿ ತೆರೆದಿದ್ದರೆ 4, ಕರೆದಾಗ ತೆರೆದರೆ 3, ನೋಯುವಂತೆ ಒತ್ತಿದಾಗ ತೆರೆದರೆ 2, ತೆರೆಯದಿದ್ದರೆ 1.

ಮಾತು: ತಾನು ಯಾರು, ಎಲ್ಲಿದ್ದೇನೆ, ಇದು ಯಾವ ಕಾಲ ಎಂಬುದನ್ನು ಸರಿಯಾಗಿ ಹೇಳಿದರೆ 5, ಗೊಂದಲದ ವಾಕ್ಯಗಳಾಡಿದರೆ 4, ಬಿಡಿಬಿಡಿ ಪದಗಳಾದರೆ 3, ಬರಿಯ ನರಳಿಕೆಯಾದರೆ 2, ಏನೂ ಇಲ್ಲದಿದ್ದರೆ 1.

ಚಲನೆ: ಹೇಳಿದಂತೆ ಮಾಡಿದರೆ 6, ನೋವಿನ ಸ್ಥಳಕ್ಕೆ ಕೈಯೊಯ್ದು ತಡೆದರೆ 5, ಕೈಯನ್ನು ಸಹಜವಾಗಿ ಹಿಂದಕ್ಕೆಳೆದರೆ 4, ಅಸಹಜವಾಗಿ ಮಡಿಚಿದರೆ 3, ಸೆಟೆದು ನೀಡಿದರೆ 2, ಚಲನೆಯೇ ಇಲ್ಲದಿದ್ದರೆ 1.

ಒಟ್ಟು ಅಂಕಗಳು ಹೆಚ್ಚೆಂದರೆ 15, ಕಡಿಮೆಯೆಂದರೆ 3. 13ರಿಂದ 15 ಇದ್ದರೆ ಸೌಮ್ಯ, 9ರಿಂದ 12 ಇದ್ದರೆ ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರ ಗಾಯವೆಂದು ವಿಂಗಡಿಸುತ್ತಾರೆ. ತೀವ್ರ ವರ್ಗದವರು ತಮ್ಮ ಉಸಿರುದಾರಿಯನ್ನು ತಾವೇ ಕಾಯ್ದುಕೊಳ್ಳಲಾರರಾದ್ದರಿಂದ ಸಾಮಾನ್ಯವಾಗಿ ಗಂಟಲಿಗೆ ನಳಿಕೆಯಿಳಿಸಿ ಯಂತ್ರದ ಮೂಲಕ ಉಸಿರಾಡಿಸುತ್ತಾರೆ. ಒಮ್ಮೆ ಎಣಿಸಿದ ಅಂಕಕ್ಕಿಂತ ಅಂಕದ ಏರಿಳಿತವೇ ಮುಖ್ಯ. 14 ಇದ್ದುದು ಒಂದು ಗಂಟೆಯಲ್ಲಿ 12ಕ್ಕೆ ಇಳಿಯಿತೆಂದರೆ ಅದು ಅಪಾಯದ ಗಂಟೆ. ದಾದಿಯರು ಪದೇ ಪದೇ ಬಂದು ಅದೇ ಪ್ರಶ್ನೆಗಳನ್ನು ಕೇಳಿ ನಿದ್ರೆ ಕೆಡಿಸುತ್ತಾರೆಂದು ಮನೆಯವರು ಬೇಸರಿಸಬಾರದು.

ಭಾಷೆ ತಿಳಿಯದ ಊರಿನಲ್ಲಿ

ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಮಾಪಕದ 15 ಅಂಕಗಳಲ್ಲಿ ಮಾತಿನ 5 ಅಂಕಗಳೂ ಚಲನೆಯ ಮೇಲ್ಮಟ್ಟದ ಅಂಕವೂ ಭಾಷೆಯನ್ನು ಅವಲಂಬಿಸಿವೆ. ಊರಿನಿಂದ ಮಗನ ಮನೆಗೆ ಬಂದ ತಾಯಿಯೊಬ್ಬರು ಬಿದ್ದು ಆಸ್ಪತ್ರೆ ಸೇರಿದರೆಂದಿಟ್ಟುಕೊಳ್ಳಿ. ವೈದ್ಯರು ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ‘ಎರಡು ಬೆರಳು ತೋರಿಸಿ’ ಎನ್ನುತ್ತಾರೆ. ಆಕೆ ಸುಮ್ಮನೆ ನೋಡುತ್ತಾರೆ. ತಮ್ಮ ಕನ್ನಡದಲ್ಲಿ ಏನೋ ಹೇಳುತ್ತಾರೆ. ಅದು ಅರ್ಥವಿಲ್ಲದ ಬಡಬಡಿಕೆಯೆಂದು ದಾಖಲಾಗಬಹುದು. ಪೂರ್ಣ ಎಚ್ಚರದಲ್ಲಿರುವವರಿಗೆ ಹೀಗೆ ಕಡಿಮೆ ಅಂಕ ಬೀಳುವ ಸಂಭವವಿದೆ. ಇದಕ್ಕಿಂತ ಕೆಟ್ಟದ್ದೆಂದರೆ, ‘ಇವರಿಗೆ ನಮ್ಮ ಭಾಷೆ ಬಾರದು, ಅದಕ್ಕೇ ಉತ್ತರಿಸುತ್ತಿಲ್ಲ’ ಎಂದು ಭಾವಿಸಿ, ನಿಜವಾಗಿಯೂ ಮಂಕಾಗುತ್ತಿರುವ ಪ್ರಜ್ಞೆಯನ್ನು ಕಡೆಗಣಿಸುವುದು. ಭಾಷೆಯ ತೊಡಕಿನಿಂದ ಒಂದು ಅಂಗವನ್ನು ಪರೀಕ್ಷಿಸಲಾಗದಿದ್ದರೆ ಅಂಕ ಕೊಡದೆ ‘ಪರೀಕ್ಷಿಸಲಾಗಲಿಲ್ಲ’ ಎಂದೇ ಬರೆಯಬೇಕೆಂಬುದು ಮಾಪಕದ ನಿಯಮ.

ಆದುದರಿಂದ ಗಾಯಾಳುವಿನ ಭಾಷೆ ಬಲ್ಲವರೊಬ್ಬರು ಜೊತೆಗಿರುವುದು ಬರಿಯ ಸಮಾಧಾನಕ್ಕಲ್ಲ; ಅದು ಪರೀಕ್ಷೆಯ ಒಂದು ಭಾಗ. ದುಭಾಷಿಯಾದವರು ವೈದ್ಯರ ಪ್ರಶ್ನೆಯನ್ನು ಇದ್ದಂತೆ ಕನ್ನಡದಲ್ಲಿ ಕೇಳಬೇಕು: ‘ಅಮ್ಮ, ನಿಮ್ಮ ಹೆಸರು ಹೇಳಿ. ಈಗ ಎಲ್ಲಿದ್ದೀರಿ? ಇದು ಯಾವ ತಿಂಗಳು? ನಾಲಗೆ ಹೊರಗೆ ಚಾಚಿ. ನನ್ನ ಕೈ ಹಿಡಿದು ಒತ್ತಿ, ಈಗ ಬಿಡಿ.’ ಒತ್ತುವುದು ಪ್ರಜ್ಞೆಯಿಲ್ಲದೆಯೂ ನಡೆಯಬಹುದು. ಹೇಳಿದಾಗ ಬಿಡುವುದೇ ಎಚ್ಚರದ ಗುರುತು. ರೋಗಿಯ ಪರವಾಗಿ ತಾವು ಉತ್ತರಿಸಬಾರದು, ಸೂಚನೆ ಕೊಡಬಾರದು, ತಪ್ಪು ಉತ್ತರವನ್ನು ತಿದ್ದಿ ಹೇಳಬಾರದು. ‘ಯಾವ ತಿಂಗಳು’ ಎಂಬುದಕ್ಕೆ ಅಜ್ಜಿ ‘ಶ್ರಾವಣ’ ಎಂದರೆ ಅದು ಗೊಂದಲವಲ್ಲ, ಸರಿಯಾದ ಉತ್ತರವೇ ಇರಬಹುದೆಂದು ವೈದ್ಯರಿಗೆ ತಿಳಿಸಬೇಕು. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ, ಕಿವಿ ಮಂದವಾಗಿದ್ದರೆ, ಮೊದಲೇ ಮರೆವಿನ ಕಾಯಿಲೆಯಿದ್ದರೆ, ಅದನ್ನೂ ಹೇಳಬೇಕು. ರಕ್ತವನ್ನು ತೆಳುಮಾಡುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಮುಂತಾದ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಮರೆಯದೆ ತಿಳಿಸತಕ್ಕದ್ದು.

ಕಣ್ಣಿನ ಪಾಪೆ ಮತ್ತು ಸಿ.ಟಿ. ಸ್ಕ್ಯಾನ್

ಮಾಪಕದ ಜೊತೆಗೆ ವೈದ್ಯರು ದೀಪ ಬಿಟ್ಟು ಕಣ್ಣಿನ ಪಾಪೆಗಳನ್ನು ನೋಡುತ್ತಾರೆ. ಬೆಳಕು ಬಿದ್ದಾಗ ಎರಡೂ ಸಮನಾಗಿ ಕಿರಿದಾಗಬೇಕು. ಪ್ರಜ್ಞೆ ಇಳಿಯುತ್ತಿರುವವನಲ್ಲಿ ಒಂದು ಪಾಪೆ ಹಿಗ್ಗಿ ಬೆಳಕಿಗೆ ಅಲುಗದಿದ್ದರೆ, ಮಿದುಳಿನ ಭಾಗವೊಂದು ಪಕ್ಕಕ್ಕೆ ನೂಕಲ್ಪಟ್ಟು ಕಣ್ಣಿನ ನರವನ್ನು ಒತ್ತುತ್ತಿದೆಯೆಂದು ಅರ್ಥ. ಆಗ ನಿಮಿಷಗಳ ಲೆಕ್ಕ. ರಕ್ತದೊತ್ತಡ ಏರುತ್ತ ನಾಡಿ ನಿಧಾನವಾಗುವುದು ಕೂಡ ಬುರುಡೆಯೊಳಗಿನ ಒತ್ತಡದ ಕೊನೆಯ ಹಂತದ ಸೂಚನೆ. ಎರಡೂ ಕಣ್ಣುಗಳ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪುಗಟ್ಟಿದರೆ ಬುರುಡೆಯ ತಳ ಬಿರಿದಿರಬಹುದು.

ಹಿಂದಿನ ವೈದ್ಯರು ಊಹಿಸಬೇಕಾಗಿದ್ದುದನ್ನು ಕಣ್ಣಾರೆ ಕಾಣುವಂತೆ ಮಾಡಿದ್ದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಮೂಡಿದ್ದು 1971ರಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಪ್ರತಿಯೊಂದು ಬೋಕುಗಾಯಕ್ಕೂ ಸ್ಕ್ಯಾನ್ ಬೇಕಿಲ್ಲ. ಪೆಟ್ಟಿನಿಂದ ಕ್ಷಣಕಾಲ ಪ್ರಜ್ಞೆ ತಪ್ಪಿದವರಲ್ಲಿ, ಆ ಘಟನೆಯ ನೆನಪು ಅಳಿದವರಲ್ಲಿ ಅಥವಾ ಗೊಂದಲಕ್ಕೀಡಾದವರಲ್ಲಿ ಯಾರಿಗೆ ಅದು ಅಗತ್ಯವೆಂಬುದಕ್ಕೆ ಕೆನಡಾದ ವೈದ್ಯರು 2001ರಲ್ಲಿ ನಿಯಮಗಳನ್ನು ಕೊಟ್ಟರು: ಎರಡು ಗಂಟೆ ಕಳೆದರೂ ಅಂಕ 15ಕ್ಕೆ ಬಾರದಿರುವುದು, ಬುರುಡೆ ಕುಸಿದ ಅಥವಾ ತಳ ಬಿರಿದ ಚಿಹ್ನೆ, ಎರಡು ಅಥವಾ ಹೆಚ್ಚು ಸಲ ವಾಂತಿ, ಅರುವತ್ತೈದು ಅಥವಾ ಹೆಚ್ಚಿನ ವಯಸ್ಸು, ಪೆಟ್ಟಿಗೆ ಮುಂಚಿನ ಅರ್ಧ ಗಂಟೆಯ ನೆನಪೇ ಅಳಿದಿರುವುದು, ವಾಹನ ಬಡಿದಂತಹ ಅಪಾಯಕರ ಸನ್ನಿವೇಶ. ಸೆಳವು ಬಂದವರಿಗೂ ರಕ್ತ ತೆಳುಮಾಡುವ ಔಷಧ ಸೇವಿಸುವವರಿಗೂ ಪ್ರತ್ಯೇಕ ಎಚ್ಚರಿಕೆ ಅವಶ್ಯ.

ಮರೆಯಲ್ಲಿ ಬೆಳೆಯುವ ಹೆಪ್ಪು

ಕಪಾಲದ ಪಕ್ಕದ ಮೂಳೆ ಬಿರಿದಾಗ ಅದರ ಒಳಮೈಗಂಟಿದ ಧಮನಿ ಹರಿದು, ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗಬಹುದು. ಇಂತಹವರಲ್ಲಿ ಕೆಲವರು ಮೊದಲು ಮೂರ್ಛೆ ಹೋಗಿ, ಎಚ್ಚೆತ್ತು, ‘ನನಗೇನೂ ಆಗಿಲ್ಲ’ ಎಂದು ಮನೆಗೆ ನಡೆದುಹೋಗಿ, ಕೆಲವು ಗಂಟೆಗಳ ನಂತರ ಮತ್ತೆ ಎಚ್ಚರ ತಪ್ಪುತ್ತಾರೆ. ನಡುವಣ ಆ ಸ್ಪಷ್ಟ ಪ್ರಜ್ಞೆಯ ಅವಧಿ ಬಹಳ ಮೋಸದ್ದು. ಹೆಪ್ಪು 30 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಶಸ್ತ್ರಕ್ರಿಯೆ ಮಾಡಬೇಕೆಂಬುದು ಅಂಗೀಕೃತ ಮಾರ್ಗಸೂಚಿ. ಸಕಾಲದಲ್ಲಿ ತೆಗೆದರೆ ಇಂತಹ ರೋಗಿ ಪೂರ್ಣವಾಗಿ ಗುಣಹೊಂದುವ ಸಾಧ್ಯತೆ ಹೆಚ್ಚು. ತಡವಾದರೆ ಉಳಿಯುವುದು ದುರ್ಲಭ.

ಹೊರಪೊರೆಯ ಒಳಗಡೆ, ಚಿಕ್ಕ ಸಿರೆಗಳು ಹರಿದು ಸೇರುವ ರಕ್ತದ ಸ್ವಭಾವವೇ ಬೇರೆ. ತೀವ್ರ ಪೆಟ್ಟಿನಲ್ಲಿ ಇದು ಮಿದುಳಿನ ಗಾಯದೊಡನೆಯೇ ಬರುತ್ತದೆ. ಆದರೆ ವೃದ್ಧರಲ್ಲಿ ಮಿದುಳು ಕುಗ್ಗಿ ಜಾಗ ಹೆಚ್ಚಿರುವುದರಿಂದ ಅಲ್ಪ ಪೆಟ್ಟಿನಿಂದಲೂ ರಕ್ತ ನಿಧಾನವಾಗಿ ಜಿನುಗಿ, ವಾರಗಳ ನಂತರ ತಲೆನೋವು, ತಡವರಿಸುವ ನಡಿಗೆ, ಮರೆವು, ಒಂದು ಕೈಯ ದುರ್ಬಲತೆಯಾಗಿ ಕಾಣಿಸಿಕೊಳ್ಳುತ್ತದೆ. ‘ವಯಸ್ಸಾಯಿತು, ಅರಳುಮರಳು’ ಎಂದು ಸುಮ್ಮನಿರುವ ಮುನ್ನ, ಕಳೆದ ಎರಡು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದರೇ ಎಂದು ವಿಚಾರಿಸಬೇಕು. ಬುರುಡೆಗೆ ಚಿಕ್ಕ ರಂಧ್ರ ಕೊರೆದು ಆ ರಕ್ತವನ್ನು ಹೊರಬಿಟ್ಟರೆ ಅನೇಕರು ಮೊದಲಿನಂತಾಗುತ್ತಾರೆ.

ಆಸ್ಪತ್ರೆಯ ಚಿಕಿತ್ಸೆ

ತೀವ್ರ ನಿಗಾ ಘಟಕದಲ್ಲಿ ನಡೆಯುವ ಕ್ರಮಗಳೆಲ್ಲವೂ ಮೇಲೆ ಹೇಳಿದ ವ್ಯವಕಲನವನ್ನು ಸರಿದೂಗಿಸುವ ಯತ್ನಗಳೇ. ಆಮ್ಲಜನಕವನ್ನೂ ರಕ್ತದೊತ್ತಡವನ್ನೂ ಕುಸಿಯಗೊಡುವುದಿಲ್ಲ. ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತರಿಸಿ ಸಿರೆಗಳ ರಕ್ತ ಸುಲಭವಾಗಿ ಇಳಿಯುವಂತೆ ಮಾಡುತ್ತಾರೆ. ಒತ್ತಡ ಏರಿದರೆ ಮ್ಯಾನಿಟಾಲ್ ಅಥವಾ ಗಾಢವಾದ ಉಪ್ಪಿನ ದ್ರಾವಣವನ್ನು ಸಿರೆಯ ಮೂಲಕ ಕೊಟ್ಟು ಮಿದುಳಿನ ನೀರನ್ನು ಹೊರಗೆಳೆಯುತ್ತಾರೆ. ತೀವ್ರ ಗಾಯದಲ್ಲಿ ಮೊದಲ ಏಳು ದಿನ ಸೆಳವು ತಡೆಯುವ ಔಷಧ ಕೊಡುವುದುಂಟು.

ಚಿಕಿತ್ಸಾಕ್ರಮಗಳು ಅನುಭವದ ಒರೆಗಲ್ಲಿನಲ್ಲಿ ಬದಲಾಗಿವೆ. ಬಾವು ಇಳಿಸಲೆಂದು ಹಿಂದೆ ಸ್ಟೀರಾಯ್ಡ್ ಕೊಡುತ್ತಿದ್ದರು. 10,008 ಗಾಯಾಳುಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗವು, ಅದರಿಂದ ಮರಣ ಕಡಿಮೆಯಾಗುವ ಬದಲು ಹೆಚ್ಚುತ್ತದೆಂದು ಸಿದ್ಧಪಡಿಸಿದ ಮೇಲೆ ಆ ರೂಢಿ ನಿಂತಿತು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಪೆಟ್ಟಾದ ಮೂರು ಗಂಟೆಗಳೊಳಗೆ ಕೊಟ್ಟರೆ ಸೌಮ್ಯ ಮತ್ತು ಮಧ್ಯಮ ಗಾಯದವರಲ್ಲಿ ಪ್ರಯೋಜನವಿದೆಯೆಂದು 2019ರ ಇನ್ನೊಂದು ಪ್ರಯೋಗ ತೋರಿಸಿತು. ಪೆಟ್ಟಾದ ಸಮಯವನ್ನು ಗುರುತಿಸಿಕೊಳ್ಳಿರೆಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ. ಯಾವುದಕ್ಕೂ ಒತ್ತಡ ಇಳಿಯದಿದ್ದಾಗ ಬುರುಡೆಯ ಮೂಳೆಯ ದೊಡ್ಡ ಭಾಗವನ್ನು ತಾತ್ಕಾಲಿಕವಾಗಿ ತೆಗೆದಿಡುವ ಶಸ್ತ್ರಕ್ರಿಯೆಯುಂಟು. 2016ರ ಅಧ್ಯಯನದಲ್ಲಿ ಇದರಿಂದ ಆರು ತಿಂಗಳೊಳಗಿನ ಮರಣ ಶೇಕಡ 48.9ರಿಂದ 26.9ಕ್ಕೆ ಇಳಿಯಿತು, ಆದರೆ ಉಳಿದವರಲ್ಲಿ ಪರಾವಲಂಬಿಗಳೂ ಪ್ರಜ್ಞೆ ಮರಳದವರೂ ಹೆಚ್ಚಾದರು. ವೈದ್ಯರು ಮನೆಯವರ ಒಪ್ಪಿಗೆ ಕೇಳುವಾಗ ‘ಬದುಕುತ್ತಾರೆಯೇ’ ಎಂಬುದರೊಡನೆ ‘ಹೇಗೆ ಬದುಕುತ್ತಾರೆ’ ಎಂಬುದನ್ನೂ ಕೇಳಿ ತಿಳಿಯಬೇಕು.

ಈ ವಿದ್ಯೆ ನಮ್ಮ ನಾಡಿಗೆ ಬಂದು ಬಹುಕಾಲವಾಗಿಲ್ಲ. ವೆಲ್ಲೂರಿನಲ್ಲಿ 1949ರಲ್ಲಿ ಜೇಕಬ್ ಚಾಂಡಿಯವರೂ ಮದರಾಸಿನಲ್ಲಿ 1950ರಲ್ಲಿ ಬಿ. ರಾಮಮೂರ್ತಿಯವರೂ ನರಶಸ್ತ್ರವಿಭಾಗಗಳನ್ನು ಆರಂಭಿಸಿದರು. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಇಂದು ನಾವಿರುವ ಮಹಾನಗರಗಳಲ್ಲೆಲ್ಲ ಸ್ಕ್ಯಾನೂ ನರಶಸ್ತ್ರವೈದ್ಯರೂ ಇರುವ ಆಸ್ಪತ್ರೆಗಳಿವೆ. ನಮ್ಮ ಬಡಾವಣೆಗೆ ಹತ್ತಿರದ್ದು ಯಾವುದೆಂದು ಇಂದೇ ತಿಳಿದಿಟ್ಟುಕೊಳ್ಳುವುದು ವಿವೇಕ.

ಮನೆಗೆ ಕಳುಹಿಸಿದ ಮೇಲೆ

ಸೌಮ್ಯ ಗಾಯದವರನ್ನು ವೈದ್ಯರು ಮನೆಗೆ ಕಳುಹಿಸಿದರೆ ಮೊದಲ 24 ಗಂಟೆ ಒಬ್ಬರು ಜೊತೆಗಿರಬೇಕು. ತಲೆನೋವು ಹೆಚ್ಚುತ್ತ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ರೆ, ಸೆಳವು, ತೊದಲುವ ಮಾತು, ಕೈಕಾಲಿನ ಬಲಹೀನತೆ, ಮೂಗು ಕಿವಿಗಳಿಂದ ತಿಳಿನೀರು, ವಿಚಿತ್ರ ವರ್ತನೆ, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಮರಳಿ ಆಸ್ಪತ್ರೆಗೆ ಒಯ್ಯಬೇಕು. ಎಳೆಗೂಸು ಸತತವಾಗಿ ಅತ್ತು ಹಾಲು ಬಿಟ್ಟರೆ, ನೆತ್ತಿಯ ಮೆದುಭಾಗ ಉಬ್ಬಿದರೆ, ಅದೂ ಅಪಾಯದ ಸೂಚನೆಯೇ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ವೈದ್ಯರ ಮಾತಿಲ್ಲದೆ ಆಸ್ಪಿರಿನ್, ನಿದ್ರೆಯ ಗುಳಿಗೆ ಕೂಡದು. ಮದ್ಯ ಸರ್ವಥಾ ವರ್ಜ್ಯ. ಒಂದೆರಡು ದಿನ ವಿಶ್ರಾಂತಿ ಪಡೆದು ಕ್ರಮೇಣ ಕೆಲಸಕ್ಕೆ ಮರಳುವುದು ಒಳ್ಳೆಯದು. ಕೆಲವು ವಾರ ಮರೆವು, ಸಿಡುಕು, ತಲೆಸುತ್ತು ಉಳಿಯಬಹುದು. ಅದು ಸೋಗಲ್ಲ, ಗಾಯದ ಶೇಷವೆಂದು ಮನೆಯವರೂ ಮೇಲಧಿಕಾರಿಗಳೂ ತಿಳಿಯಬೇಕು.

ಮುಂಡಾಸಿಗೆ ಹೋಗಲಿ

‘ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಇಂದಿನ ಮುಂಡಾಸು ಹೆಲ್ಮೆಟ್ಟು. ದ್ವಿಚಕ್ರ ವಾಹನ ಸವಾರರಲ್ಲಿ ಅದು ಮರಣವನ್ನು ಶೇಕಡ 42ರಷ್ಟು, ತಲೆಯ ಗಾಯವನ್ನು ಶೇಕಡ 69ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ನಡೆದ ವಿಮರ್ಶೆಯೊಂದು ಕಂಡುಕೊಂಡಿತು. ಗದ್ದದ ಪಟ್ಟಿ ಕಟ್ಟದ ಹೆಲ್ಮೆಟ್ಟು ಬಿದ್ದೊಡನೆ ಹಾರಿಹೋಗುತ್ತದೆ. ಹಿಂದೆ ಕುಳಿತವರ ತಲೆಯೂ ತಲೆಯೇ. ಮನೆಯ ಬಚ್ಚಲಿಗೆ ಜಾರದ ಹಾಸು, ಹಿಡಿಯಲೊಂದು ಸರಳು, ರಾತ್ರಿ ಒಂದು ಮಂದ ದೀಪ, ಇಷ್ಟು ಒದಗಿಸಿದರೆ ವೃದ್ಧರ ಎಷ್ಟೋ ಪತನಗಳು ತಪ್ಪುತ್ತವೆ.

ಕೊನೆಯದಾಗಿ ಒಂದು ಸಲಹೆ. ಮನೆಯ ಹಿರಿಯರ ಜೇಬಿನಲ್ಲೋ ಕೈಚೀಲದಲ್ಲೋ ಒಂದು ಚಿಕ್ಕ ಚೀಟಿಯಿರಲಿ. ಅದರಲ್ಲಿ ಹೆಸರು, ಆಡುವ ಭಾಷೆ, ಸೇವಿಸುವ ಔಷಧಗಳು, ಮನೆಯವರ ದೂರವಾಣಿ ಸಂಖ್ಯೆ, ಇಷ್ಟನ್ನು ಆ ಊರಿನ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಡಿ. ಆಸ್ಪತ್ರೆಗೆ ಬಂದು ದುಭಾಷಿಯಾಗಿ ನಿಲ್ಲಬಲ್ಲ ಸದಸ್ಯರ ಪಟ್ಟಿಯೊಂದನ್ನು ನಮ್ಮ ಸಂಘಗಳು ಸಿದ್ಧಪಡಿಸಿದರೆ, ಅದು ಯಾವ ಉತ್ಸವಕ್ಕೂ ಕಡಿಮೆಯಿಲ್ಲದ ಕನ್ನಡದ ಸೇವೆಯಾದೀತು.